ಪ್ಯಾಕೆಟ್ ಓಡುತ್ತಿದೆ, ಕೈಪಿಡಿ ಹಿಂದುಳಿದಿದೆ

ಬಳ್ಳಾರಿಯ ಸತ್ಯನಾರಾಯಣಪೇಟೆಯ ಬಾಡಿಗೆ ಕೋಣೆಯಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಕೂತಿದ್ದಾನೆ ಎಂದುಕೊಳ್ಳಿ. ವಿಷಯ ಡಿಪಿಡಿಕೆ, ಅಂದರೆ ನೆಟ್‌ವರ್ಕಿನ ಡೇಟಾ ಪ್ಯಾಕೆಟ್‌ಗಳನ್ನು ವೇಗವಾಗಿ ನಿಭಾಯಿಸುವ ಸಾಫ್ಟ್‌ವೇರ್. ಸೀನಿಯರ್ ಕೊಟ್ಟ ಹಳೆಯ ನೋಟ್ಸ್ ಎದುರಿಗಿದೆ. ಅದರಲ್ಲಿದ್ದಂತೆ ‘ಮೇಕ್’ ಕಮಾಂಡ್ ಕೊಡುತ್ತಾನೆ, ಎರರ್ ಬರುತ್ತದೆ. ಸ್ಪೆಲ್ಲಿಂಗ್ ನೋಡಿ ಮತ್ತೆ ಕೊಡುತ್ತಾನೆ, ಅದೇ ಎರರ್. ತಪ್ಪು ಅವನದಲ್ಲ. 2020ರ ನವೆಂಬರ್‌ನಲ್ಲಿ ಬಂದ 20.11 ಆವೃತ್ತಿಯಲ್ಲೇ ಆ ಪದ್ಧತಿ ಹೋಗಿ, ಕೋಡ್ ಕಟ್ಟಲು ‘ಮೆಸಾನ್’ ಮತ್ತು ‘ನಿಂಜಾ’ ಉಳಿದವು. ಲಿನಕ್ಸ್ ಕರ್ನಲ್‌ಗೆ ಪ್ಯಾಕೆಟ್ ದಾಟಿಸಲು ಬಳಸುತ್ತಿದ್ದ ಕೆಎನ್‌ಐ ಭಾಗವನ್ನು 23.11ರಲ್ಲಿ ತೆಗೆದೇಬಿಟ್ಟರು. ನೋಟ್ಸಿನ ಮೇಲೆ ಮಾತ್ರ ಯಾವ ಆವೃತ್ತಿಯದು ಎಂದು ಬರೆದಿಲ್ಲ.

ಪ್ಯಾಕೆಟ್ ನಿಭಾಯಿಸುವ ಈ ಕೆಲಸವೇ ಕಷ್ಟದ್ದು. 10 ಗಿಗಾಬಿಟ್ ಲೈನಿನಲ್ಲಿ ಅತಿ ಚಿಕ್ಕ ಪ್ಯಾಕೆಟ್‌ಗಳು ಸೆಕೆಂಡಿಗೆ ಸುಮಾರು 1 ಕೋಟಿ 48 ಲಕ್ಷ ಬರಬಲ್ಲವು. ಒಂದೊಂದಕ್ಕೂ ಸಿಗುವ ಸಮಯ 67 ನ್ಯಾನೊಸೆಕೆಂಡ್. ಮುಖ್ಯ ಮೆಮೊರಿಯಿಂದ ಒಮ್ಮೆ ಡೇಟಾ ತರುವಷ್ಟರಲ್ಲೇ ಹೆಚ್ಚುಕಡಿಮೆ ಅಷ್ಟು ಕಳೆದುಹೋಗುತ್ತದೆ. ಅದಕ್ಕಾಗಿಯೇ 2010ರಲ್ಲಿ ಇಂಟೆಲ್‌ನಲ್ಲಿ ಹುಟ್ಟಿದ ಡಿಪಿಡಿಕೆ, ಕರ್ನಲ್‌ ಅನ್ನು ಬದಿಗಿಟ್ಟು ನೆಟ್‌ವರ್ಕ್ ಕಾರ್ಡಿನ ಜೊತೆ ನೇರವಾಗಿ ವ್ಯವಹರಿಸುತ್ತದೆ. 2016ರಲ್ಲಿ ಲಿನಕ್ಸ್ 4.8ರೊಂದಿಗೆ ಬಂದ ಎಕ್ಸ್‌ಡಿಪಿ ದಾರಿ ಬೇರೆ. ಸಿರುಗುಪ್ಪದ ಭತ್ತದ ಲಾರಿಯನ್ನು ಮಾರುಕಟ್ಟೆಯ ಗೇಟಿನಲ್ಲೇ ನಿಲ್ಲಿಸಿ ಒಳಗೆ ಬಿಡುವುದೋ ವಾಪಸ್ ಕಳಿಸುವುದೋ ಎಂದು ತೀರ್ಮಾನಿಸಿದ ಹಾಗೆ, ಅದು ಡ್ರೈವರ್‌ನ ಬಾಗಿಲಲ್ಲೇ ಪ್ಯಾಕೆಟ್‌ನ ಗತಿ ನಿರ್ಧರಿಸುತ್ತದೆ.

ಹೊಸಬರು ಎಡವುವುದು ಇಂಥ ದೊಡ್ಡ ತತ್ತ್ವಗಳಲ್ಲಿ ಅಲ್ಲ, ಸಣ್ಣ ಗಾಬರಿಗಳಲ್ಲಿ. ಡಿಪಿಡಿಕೆ ಬಳಸಲು ಕಾರ್ಡನ್ನು ‘ವಿಎಫ್‌ಐಒ’ ಡ್ರೈವರ್‌ಗೆ ಒಪ್ಪಿಸಿದ ಕ್ಷಣ ಅದು ಲಿನಕ್ಸ್‌ನ ನೆಟ್‌ವರ್ಕ್ ಇಂಟರ್‌ಫೇಸ್‌ಗಳ ಪಟ್ಟಿಯಿಂದ ಮಾಯವಾಗುತ್ತದೆ. ಪ್ಯಾಕೆಟ್‌ಗಳನ್ನು ತೋರಿಸುವ ‘ಟಿಸಿಪಿಡಂಪ್’ಗೂ ಏನೂ ಕಾಣದು. ಕಾರ್ಡ್ ಸುಟ್ಟೇ ಹೋಯಿತೆಂದು ಹುಡುಗ ಬೆವರುತ್ತಾನೆ. ಮುಂದೆ ಪ್ರೋಗ್ರಾಂ ಓಡಿಸಿದರೆ, ಒಂದೂ ಪ್ಯಾಕೆಟ್ ಬರದಿದ್ದರೂ ಸಿಪಿಯುವಿನ ಒಂದು ಕೋರ್ ಶೇ. 100 ತೋರಿಸುತ್ತದೆ. ಅದು ಹ್ಯಾಂಗ್ ಆಗಿಲ್ಲ. ‘ಬಂತಾ, ಬಂತಾ’ ಎಂದು ಕಾರ್ಡನ್ನು ಬಿಡುವಿಲ್ಲದೆ ಕೇಳುತ್ತಿರುವುದೇ ಅದರ ಕೆಲಸ. ಈ ಎರಡು ಮಾತು ಕೈಪಿಡಿಯಲ್ಲಿ ಆಯಾ ಕಮಾಂಡಿನ ಕೆಳಗೇ ಇದ್ದರೆ ಎರಡು ದಿನ ಉಳಿಯುತ್ತದೆ.

ದಾಖಲೆಯೇ ಇಲ್ಲ ಎನ್ನುವುದು ಅನ್ಯಾಯದ ಮಾತಾದೀತು. ಡಿಪಿಡಿಕೆಗೆ ಆರಂಭಿಕರ ಕೈಪಿಡಿ ಇದೆ, ಪ್ರೋಗ್ರಾಮರ್‌ಗಳ ಕೈಪಿಡಿಯೂ ಇದೆ. ಎಕ್ಸ್‌ಡಿಪಿಗೆ ಕೈಯಾರೆ ಮಾಡಿ ಕಲಿಯುವ ಪಾಠಗಳಿವೆ. ಬಳಕೆಯಲ್ಲಿರುವ ಕಾರ್ಡನ್ನು ಬಲವಂತವಾಗಿ ಕಿತ್ತರೆ ಸಂಪರ್ಕ ಕಡಿದುಹೋದೀತು ಎಂಬ ಎಚ್ಚರಿಕೆಯನ್ನು ಡಿಪಿಡಿಕೆ ಸ್ಪಷ್ಟವಾಗಿಯೇ ಬರೆದಿದೆ. ಎಲ್ಲ ಕಡೆಯೂ ಬೇಕಾಗಿರುವುದು ಅಂಥ ಬರವಣಿಗೆಯೇ. ಬೆಂಗಳೂರಿನ ಆಫೀಸಿನಲ್ಲಿ ಸಿಕ್ಕಿಬಿದ್ದವನಿಗೆ ಪಕ್ಕದ ಟೇಬಲ್ಲಿನವರು ಹೇಳಿಕೊಡುತ್ತಾರೆ. ಕುರುಗೋಡಿನಿಂದ ಬಸ್ಸಿನಲ್ಲಿ ಬಳ್ಳಾರಿಯ ಕಾಲೇಜಿಗೆ ಬರುವ ಹುಡುಗಿಗೆ ಆ ಟೇಬಲ್ ಇಲ್ಲ. ಅವಳಿಗೆ ಕೈಪಿಡಿಯೇ ಮೇಷ್ಟ್ರು.

ಡಿಪಿಡಿಕೆ ಸಮ್ಮೇಳನ 2018ರಲ್ಲಿ ಬೆಂಗಳೂರಿನಲ್ಲೇ ನಡೆದಿತ್ತು. ಬಲ್ಲವರು ನಮ್ಮಲ್ಲಿದ್ದಾರೆ. ಅವರಿಗೆ ಬರೆಯಲು ಕಂಪನಿಗಳು ಬಿಡುವು ಕೊಡಬೇಕು, ಆ ಬರಹವನ್ನು ಕೋಡಿನಷ್ಟೇ ಕೆಲಸವೆಂದು ಲೆಕ್ಕಕ್ಕೆ ಹಿಡಿಯಬೇಕು. ಡಿಪಿಡಿಕೆಯ ಕೈಪಿಡಿ ಅದರ ಕೋಡಿನ ಜೊತೆಯಲ್ಲೇ ಇರುವುದರಿಂದ, ತಿದ್ದುಪಡಿಯನ್ನು ಯಾರು ಬೇಕಾದರೂ ಕಳಿಸಬಹುದು. ವಿಟಿಯು ಅಡಿಯ ಕಾಲೇಜುಗಳು ಅಂಥ ತಿದ್ದುಪಡಿಗೂ ಪ್ರಾಜೆಕ್ಟ್ ಅಂಕ ಕೊಡಲಿ. ಕನ್ನಡದಲ್ಲೂ ಬರಲಿ. ಪ್ಯಾಕೆಟ್, ಕೋರ್, ಡ್ರೈವರ್ ಹಾಗೇ ಇರಲಿ, ವಿವರಣೆ ತಿಳಿಗನ್ನಡದಲ್ಲಿರಲಿ.

ಈ ವರ್ಷ ಪ್ರಾಜೆಕ್ಟ್ ಮುಗಿಸುವವರಲ್ಲಿ ಒಂದು ವಿನಂತಿ: ಜೂನಿಯರ್‌ಗೆ ನೋಟ್ಸ್ ಕೊಡುವ ಮುನ್ನ ಮೊದಲ ಪುಟದಲ್ಲಿ ಆವೃತ್ತಿ ಮತ್ತು ತಾರೀಖು ಬರೆಯಿರಿ. ನೀವು ಎಲ್ಲೆಲ್ಲಿ ಎಡವಿದಿರಿ ಎಂಬುದನ್ನೂ ಬರೆಯಿರಿ.