ಗಣಕದ ಮೇಜಿನ ಮೇಲೆ ಕನ್ನಡ



ಹೊರನಾಡಿನಲ್ಲಿ ಸಂಸಾರ ಹೂಡಿದವರ ಮನೆಗಳಲ್ಲಿ ಕನ್ನಡವು ಅಡಿಗೆಮನೆಯಲ್ಲಿಯೂ ದೇವರ ಮನೆಯಲ್ಲಿಯೂ ಹೇಗೋ ಉಳಿದುಕೊಂಡಿರುತ್ತದೆ. ಗಣಕಯಂತ್ರವಿರುವ ಕೋಣೆಗೆ ಮಾತ್ರ ಅದಕ್ಕೆ ಪ್ರವೇಶವಿರುವುದಿಲ್ಲ. ನಮ್ಮ ಮನೆಯ ಕಥೆಯೂ ಅದೇ ಆಗಿತ್ತು.

ನಮ್ಮ ತೀರ್ಥರೂಪರು ಧಾರವಾಡದಲ್ಲಿದ್ದಾಗ, 2003ರಲ್ಲಿ, ತಮ್ಮ ಬಾಲ್ಯದ ನೆನಪುಗಳನ್ನು ಗಣಕದಲ್ಲಿ ಬೆರಳಚ್ಚು ಮಾಡಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಆ ಕಡತ ಹೈದರಾಬಾದಿಗೆ, ನಮ್ಮ ಮನೆಗೆ ಬಂದಿತು. ತೆರೆದು ನೋಡಿದರೆ ಒಂದಕ್ಷರ ಕನ್ನಡವಿಲ್ಲ! ಪುಟದ ತುಂಬ ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಚುಕ್ಕೆ ಹೊತ್ತ ಯೂರೋಪಿನ ಅಕ್ಷರಗಳು. “ಕೆಟ್ಟುಹೋಗಿದೆ ಅಪ್ಪಾ, ಅಳಿಸಿಬಿಡಲೇ?” ಎಂದಳು ಮಗಳು. ಅವಳ ಬೆರಳು ಗುಂಡಿಯ ಮೇಲೆಯೇ ಇತ್ತು.

ತಡೆದೆ. ಕಡತ ಕೆಟ್ಟಿರಲಿಲ್ಲ. ಆ ಕಾಲದ ಕನ್ನಡ ಫಾಂಟುಗಳಲ್ಲಿ ಇಂಗ್ಲಿಷ್ ಮೊದಲಾದ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದರು. ಆ ಫಾಂಟು ಇಲ್ಲದ ಯಂತ್ರವು ಮೂಲ ಬಾಡಿಗೆದಾರರನ್ನೇ ತೋರಿಸುತ್ತದೆ. ಈಗಿನ ಯೂನಿಕೋಡಿನಲ್ಲಿ ಹಾಗಲ್ಲ, ಕನ್ನಡಕ್ಕೆ ಸ್ವಂತ ಮನೆಯಿದೆ: 0ಸಿ80ರಿಂದ 0ಸಿಎಫ್‌ಎಫ್‌ವರೆಗೆ. ಅದಕ್ಕೆ ಹೊಂದಿಕೊಂಡಂತೆ ಹಿಂದಿನ ಮನೆ ತೆಲುಗಿನದು. ಹೈದರಾಬಾದಿನಲ್ಲಿರುವ ನಮಗೆ ಈ ನೆರೆಹೊರೆ ಹೊಸದೇನಲ್ಲ!

ಪರಿಹಾರ ಹೀಗೆ. ಮೊದಲು ಕಡತದ ಒಂದು ಪ್ರತಿ ತೆಗೆದಿಡಿ, ಮೂಲವನ್ನು ಮುಟ್ಟಬೇಡಿ. ಬರೆದವರು ಬಳಸಿದ್ದ ಹಳೆಯ ಫಾಂಟನ್ನು ಹಾಕಿದರೆ ಓದಲು ಬರುತ್ತದೆ. ಬಳಿಕ ಪರಿವರ್ತಕದಿಂದ ಯೂನಿಕೋಡಿಗೆ ಬದಲಾಯಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ಅರ್ಕಾವತ್ತು, ಒತ್ತಕ್ಷರ ಮತ್ತು ನಡುವೆ ಬಂದ ಇಂಗ್ಲಿಷ್ ಮಾತುಗಳಲ್ಲಿ ತಪ್ಪು ಹೆಚ್ಚು.

ಇನ್ನು ಯಂತ್ರವನ್ನು ಕನ್ನಡಕ್ಕೆ ಅಣಿಗೊಳಿಸುವುದು. ವಿಂಡೋಸ್ 10 ಅಥವಾ 11 ಇದ್ದರೆ, ಸೆಟ್ಟಿಂಗ್ಸ್‌ನಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ ಕನ್ನಡವನ್ನು ಸೇರಿಸಿರಿ. ಕೀಲಿಮಣೆ ಎರಡು ಬಗೆ: ಭಾರತೀಯ ಭಾಷೆಗಳಿಗೆಲ್ಲ ಒಂದೇ ಕ್ರಮವಿರುವ ಇನ್‌ಸ್ಕ್ರಿಪ್ಟ್, ಮತ್ತು ಇಂಗ್ಲಿಷ್ ಅಕ್ಷರಗಳ ಉಚ್ಚಾರದಿಂದ ಕನ್ನಡ ಮೂಡಿಸುವ ಫೊನೆಟಿಕ್. ಮಕ್ಕಳಿಗೆ ಎರಡನೆಯದು ಸುಲಭ. ಬರೆಯುತ್ತಿದ್ದಂತೆ ಕನ್ನಡ ಹೋಗಿ ಇಂಗ್ಲಿಷ್ ಬಂದರೆ ಗಾಬರಿ ಬೇಡ; ವಿಂಡೋಸ್ ಗುಂಡಿಯೊಡನೆ ಸ್ಪೇಸ್ ಒತ್ತಿದರೆ ಕೀಲಿಮಣೆ ಬದಲಾಗುತ್ತದೆ.

ಹಿರಿಯರಿರುವ ಮನೆಯಲ್ಲಿ ಇನ್ನೊಂದು ಕೆಲಸ ಮಾಡಿ. ಡಿಸ್‌ಪ್ಲೇ ವಿಭಾಗದಲ್ಲಿ ಅಳತೆಯನ್ನು 125 ಅಥವಾ 150 ಪ್ರತಿಶತಕ್ಕೆ ಏರಿಸಿ. ಇಂಗ್ಲಿಷಿಗೆ ಸಾಕೆನಿಸುವ ಗಾತ್ರದಲ್ಲಿ ನಮ್ಮ ಒತ್ತಕ್ಷರಗಳು ಸಾಸಿವೆಕಾಳಾಗಿಬಿಡುತ್ತವೆ. ಕಡತಕೋಶದ ಹೆಸರನ್ನೂ ಕನ್ನಡದಲ್ಲಿಡಬಹುದು: ಅದನ್ನು ಆರಿಸಿ, ಎಫ್2 ಒತ್ತಿ, ಬರೆಯಿರಿ.

ನಮ್ಮ ಗಣಕದ ಪರದೆಯ ಮೇಲೆ ಈಗ ‘ಅಜ್ಜನ ಬರಹ’ ಎಂಬ ಕೋಶವಿದೆ. ಹೆಸರನ್ನು ಬರೆದವಳು ಮಗಳೇ. ಶಾಲೆಯಲ್ಲಿ ತೆಲುಗು ಕಲಿತವಳಾದ್ದರಿಂದ ಅಕ್ಷರಗಳು ಅವಳಿಗೆ ಅರ್ಧ ಪರಿಚಿತ, ತಡವರಿಸುತ್ತಲೇ ಓದುತ್ತಾಳೆ. ಮೊದಲ ದಿನ ನಾಲ್ಕನೆಯ ಸಾಲಿಗೇ ನಿಂತು, “ಅಪ್ಪಾ, ಪಡಸಾಲೆ ಎಂದರೇನು?” ಎಂದು ಕೇಳಿದಳು. ಹೇಳುತ್ತ ಕುಳಿತೆ; ಅಂದು ಊಟಕ್ಕೆ ಹೊತ್ತಾಯಿತು.

ನಿಮ್ಮ ಮನೆಯಲ್ಲಿಯೂ ಓದಲು ಬಾರದ ಇಂಥ ಹಳೆಯ ಕಡತವಿದ್ದೀತು. ಅಳಿಸುವ ಮುನ್ನ ಒಮ್ಮೆ ನೋಡಿರಿ. ಒಳಗೆ ನಿಮ್ಮ ಹಿರಿಯರು ಕುಳಿತಿರಬಹುದು.