ಮುಖ ನಂಬಬೇಡಿ, ಮಾತು ಪರೀಕ್ಷಿಸಿ

ನಿಮ್ಮ ಮೊಬೈಲಿಗೆ ಒಂದು ವಿಡಿಯೋ ಬರುತ್ತದೆ. ಹೆಸರಾಂತ ವೈದ್ಯರೊಬ್ಬರು ಅದರಲ್ಲಿ, ‘ಈ ಪುಡಿ ಸೇವಿಸಿ, ಸಕ್ಕರೆ ಕಾಯಿಲೆ ಬುಡಸಹಿತ ಹೋಗುತ್ತದೆ’ ಎನ್ನುತ್ತಾರೆ. ಮುಖ ಅವರದೇ, ದನಿಯೂ ಅವರದೇ. ಆದರೆ ಮಾತು ಅವರದಲ್ಲ! ಅವರ ಹಳೆಯ ಚಿತ್ರ, ಧ್ವನಿಗಳನ್ನು ಬಳಸಿ ಕಂಪ್ಯೂಟರಿನ ಕೃತಕ ಬುದ್ಧಿಮತ್ತೆ ಹೆಣೆದ ‘ಡೀಪ್‌ಫೇಕ್’ ಅದು.

ಬ್ರಿಟನ್ನಿನ ಟಿ.ವಿ. ವೈದ್ಯ ಹಿಲರಿ ಜೋನ್ಸ್ ಮುಂತಾದವರ ಹೆಸರಿನಲ್ಲಿ ಇಂಥ ಜಾಹೀರಾತುಗಳು ಹರಿದಾಡುತ್ತಿರುವುದನ್ನು 2024ರಲ್ಲಿ ಬಿ.ಎಂ.ಜೆ. ವೈದ್ಯಕೀಯ ಪತ್ರಿಕೆ ವರದಿ ಮಾಡಿತು. ನಮ್ಮ ದೇಶದ ಹೃದಯ ಶಸ್ತ್ರಚಿಕಿತ್ಸಕ ನರೇಶ್ ತ್ರೇಹಾನ್ ಅವರ ನಕಲಿ ವಿಡಿಯೋ ಕುರಿತೂ ಅದೇ ವರ್ಷ ಪೊಲೀಸರಿಗೆ ದೂರು ಹೋಯಿತು.

ಗುರುತಿಸುವುದು ಹೇಗೆ? ತುಟಿಗೂ ಮಾತಿಗೂ ಹೊಂದಿಕೆಯಾಗದಿರುವುದು, ಹಲ್ಲುಗಳು ಮಸುಕಾಗಿರುವುದು, ಮುಖದ ಅಂಚು ಕದಲುವುದು ಕೆಲವು ಲಕ್ಷಣಗಳು. ಆದರೆ ಇವನ್ನೇ ನೆಚ್ಚಿಕೊಳ್ಳಬೇಡಿ. ನಕಲಿ ಮುಖಗಳು ರೆಪ್ಪೆ ಮಿಟುಕಿಸುವುದು ಕಡಿಮೆ ಎಂದು 2018ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಸ್ವಲ್ಪ ಕಾಲದಲ್ಲೇ ನಕಲಿ ಮುಖಗಳೂ ಸರಿಯಾಗಿ ರೆಪ್ಪೆ ಮಿಟುಕಿಸತೊಡಗಿದವು! ರಕ್ತದೊತ್ತಡ ಏರಿದ್ದರೂ ಎಷ್ಟೋ ಜನರಲ್ಲಿ ಯಾವ ಲಕ್ಷಣವೂ ಕಾಣುವುದಿಲ್ಲ. ಇದೂ ಹಾಗೆಯೇ. ಲಕ್ಷಣವಿಲ್ಲ ಎಂದ ಮಾತ್ರಕ್ಕೆ ವಿಡಿಯೋ ನಿಜವೆಂದು ತಿಳಿಯಬಾರದು.

ಆದ್ದರಿಂದ ಮುಖವನ್ನು ಬಿಟ್ಟು ಮಾತನ್ನು ಪರೀಕ್ಷಿಸಿ. ಮಧುಮೇಹ, ರಕ್ತದೊತ್ತಡ ಶಾಶ್ವತವಾಗಿ ಗುಣವಾಗುತ್ತದೆ ಎನ್ನುತ್ತಾರೆಯೇ? ಈಗಿನ ಔಷಧ ನಿಲ್ಲಿಸಿ ಎನ್ನುತ್ತಾರೆಯೇ? ಇಂದೇ ಹಣ ಕಳಿಸಿ ಎಂದು ಅವಸರಪಡಿಸುತ್ತಾರೆಯೇ? ಇವುಗಳಲ್ಲಿ ಒಂದಕ್ಕೆ ‘ಹೌದು’ ಎಂದಾದರೂ ಸಾಕು, ಅದನ್ನು ನಂಬಬೇಡಿ. ಮಧುಮೇಹ ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ನೀಡುವುದನ್ನು ನಮ್ಮ ದೇಶದ 1954ರ ಕಾಯಿದೆಯೇ ನಿಷೇಧಿಸಿದೆ. ಹೇಳುವವರು ಅಸಲಿ ವೈದ್ಯರೇ ಆಗಿದ್ದರೂ ಮಾತು ತಪ್ಪೇ.

ಹೋಗುವುದು ಬರೀ ಹಣವಲ್ಲ. ಟೈಪ್ 1 ಮಧುಮೇಹಿ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ರಕ್ತದಲ್ಲಿ ಕೀಟೋನ್ ಆಮ್ಲಗಳು ಶೇಖರವಾಗಿ ಪ್ರಜ್ಞೆ ತಪ್ಪಬಹುದು, ಪ್ರಾಣಕ್ಕೇ ಸಂಚಕಾರ ಬರಬಹುದು. ರಕ್ತದೊತ್ತಡದ ಕೆಲವು ಗುಳಿಗೆಗಳನ್ನು ಹಠಾತ್ತನೆ ಬಿಟ್ಟರೂ ಅಪಾಯ.

ಮನೆಯ ಹಿರಿಯರು ಇಂಥ ವಿಡಿಯೋ ತೋರಿಸಿದಾಗ ನಗಬೇಡಿ, ಗದರಬೇಡಿ. ಗದರಿದರೆ ಮುಂದಿನ ಸಲ ಅವರು ನಿಮಗೆ ಹೇಳದೆಯೇ ಪುಡಿ ತರಿಸುತ್ತಾರೆ. ಜೊತೆಗೆ ಕುಳಿತು ನೋಡಿ, ನಿಮ್ಮ ವೈದ್ಯರನ್ನು ಕೇಳಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಹಿರಿಯರ ಮಾತು ಇಂದು ಅವರಿಗೂ ಬೇಕು, ನಮಗೂ ಬೇಕು.