ಬಯ್ದರೆ ದೋಷ ಹೋಗದು



ಲಿನಕ್ಸ್ ಬಗ್ಗೆ ಯಾರಾದರೂ ಕೊಂಚ ಕೊಂಕು ತೆಗೆದರೆ ಸಾಕು, ಅಭಿಮಾನಿಗಳು ಮುಗಿಬೀಳುತ್ತಾರೆ. 2021ರ ನವೆಂಬರ್‌ನ ಪ್ರಕರಣವನ್ನೇ ನೋಡಿ. ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್ ಎಂಬ ಲಿನಕ್ಸ್ ಆವೃತ್ತಿಯಲ್ಲಿ ಆಟದ ತಂತ್ರಾಂಶ ಸ್ಟೀಮ್ ಹಾಕಿಕೊಳ್ಳಲು ಹೋಗಿ, ಟರ್ಮಿನಲ್ ಕೇಳಿದಂತೆ ‘ಯೆಸ್, ಡು ಆಸ್ ಐ ಸೇ!’ ಎಂದು ಟೈಪಿಸಿದರು. ಡೆಸ್ಕ್‌ಟಾಪ್ ಇಡಿಯಾಗಿ ಕಿತ್ತುಹೋದದ್ದು ಅವರ ವಿಡಿಯೊದಲ್ಲೇ ದಾಖಲಾಯಿತು. ಎಚ್ಚರಿಕೆ ಓದದ ದಡ್ಡ ಎಂದು ಜಾಲತಾಣಗಳಲ್ಲಿ ಅವರಿಗೇ ಮಂಗಳಾರತಿ! ಎಚ್ಚರಿಕೆ ಇತ್ತು, ನಿಜ. ಪ್ಯಾಕೇಜ್‌ಗಳ ಉದ್ದನೆಯ ಪಟ್ಟಿಯ ನಡುವೆ. ಆಟದ ತಂತ್ರಾಂಶ ಹಾಕಿದರೆ ಡೆಸ್ಕ್‌ಟಾಪೇ ಮಾಯವಾದೀತೆಂದು ಹೊಸಬ ಊಹಿಸುವುದಾದರೂ ಹೇಗೆ? ಡೆವಲಪರ್‌ಗಳು ಮಾತ್ರ (ಅವರಿಗೆ ಶಹಬ್ಬಾಸ್ ಎನ್ನಬೇಕು) ದೋಷ ಸರಿಪಡಿಸಿದರು. ತಂತ್ರಾಂಶ ಹಾಕುವ, ತೆಗೆಯುವ ಸಾಧನವಾದ ಎಪಿಟಿಯ 2.3.12 ಆವೃತ್ತಿಯಿಂದ ಅತ್ಯಗತ್ಯ ಪ್ಯಾಕೇಜ್‌ಗಳನ್ನು ಅದು ತಾನಾಗಿ ತೆಗೆಯಹೊರಡುವುದೇ ನಿಂತಿತು. ಆ ವಿಡಿಯೊ ಬರದಿದ್ದರೆ ಇದು ಯಾವ ಕಾಲಕ್ಕೆ ಆಗುತ್ತಿತ್ತೋ!

– ಓರ್ವ ಲಿನಕ್ಸ್ ಬಳಕೆದಾರ, ಧಾರವಾಡ